ಎಂಟು ಕಿಟಕಿಗಳ ಮನೆ

ಯಾದವಗಿರಿಯ ರಸ್ತೆಗಳಲ್ಲಿ ನಿಂತು ದಕ್ಷಿಣಕ್ಕೆ ಮುಖ ಮಾಡಿದರೆ ಚಾಮುಂಡಿ ಬೆಟ್ಟ ಈಗ ಸುಲಭಕ್ಕೆ ಕಾಣುವುದಿಲ್ಲ. ಕಟ್ಟಡಗಳ ಸಂದಿಯಲ್ಲಿ, ಕೇಬಲ್ಲುಗಳ ಕೆಳಗೆ, ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕುಗಳ ಪಕ್ಕದಲ್ಲಿ ಹುಡುಕಬೇಕು. ನಮ್ಮ ಚಿಕ್ಕಂದಿನಲ್ಲಿ ಬೆಟ್ಟವನ್ನು ಯಾರೂ ಹುಡುಕುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಅದು ಅಲ್ಲೇ ಇರುತ್ತಿತ್ತು. ಅಜ್ಜಿ ಬಾಗಿಲಿಗೆ ನೀರು ಹಾಕುವ ಮೊದಲು ಅತ್ತ ತಿರುಗಿ ತಾಯಿಗೊಂದು ಕೈ ಮುಗಿಯುತ್ತಿದ್ದಳು. ಮೋಡ ಇಳಿದ ದಿನ ಅಮ್ಮ ಒಳಗಿನಿಂದಲೇ, “ಬೆಟ್ಟ ಮುಚ್ಕೊಂಡಿದೆ, ಬಟ್ಟೆ ಎತ್ಕೊಂಡು ಬಾರೇ” ಎಂದು ಕೂಗುತ್ತಿದ್ದಳು. ದಸರೆಯಲ್ಲಿ ಬೆಟ್ಟದ ಮೇಲೆ ದೀಪ ಹತ್ತಿದರೆ ನಮಗೆ ಊಟ ಬೇಡ, ನಿದ್ದೆ ಬೇಡ.

ಆ ನೋಟಕ್ಕಾಗಿಯೇ ಒಬ್ಬರು ಇಲ್ಲಿ ಒಂದು ಕೋಣೆ ಕಟ್ಟಿಸಿಕೊಂಡಿದ್ದರು. ವಿವೇಕಾನಂದ ರಸ್ತೆಯ ಆ ಎರಡಂತಸ್ತಿನ ಬಿಳಿ ಮನೆ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರದು. ಮಹಡಿಯ ಮೇಲೆ ಅರ್ಧಚಂದ್ರದಂತೆ ಹೊರಕ್ಕೆ ಚಾಚಿದ ಬರೆಯುವ ಕೋಣೆ, ಅದಕ್ಕೆ ಎಂಟು ಕಿಟಕಿ. ದಕ್ಷಿಣಕ್ಕೆ ಚಾಮುಂಡಿಯ ಗುಡಿ, ಪೂರ್ವಕ್ಕೆ ಊರಿನ ಗೋಪುರ ಗುಮ್ಮಟಗಳು, ಸುತ್ತ ಬಯಲಿನಲ್ಲಿ ಮೇಯುವ ದನ ಕುರಿಗಳು, ಇಳಿಜಾರನ್ನು ಸೀಳಿಕೊಂಡು ಹೋಗುವ ರೈಲು. ಇದೆಲ್ಲ ಕೂತಲ್ಲಿಂದಲೇ ಕಾಣುತ್ತಿತ್ತೆಂದು ಅವರು ‘ಮೈ ಡೇಸ್’ ಆತ್ಮಕಥೆಯಲ್ಲಿ ಬರೆದಿದ್ದಾರೆ. ನೋಡುತ್ತಾ ಕೂತರೆ ಬರೆಯಲು ಮನಸ್ಸೇ ಬಾರದೆ ಕೊನೆಗೆ ಕಿಟಕಿಗಳಿಗೆ ಪರದೆ ಹಾಕಿಸಬೇಕಾಯಿತಂತೆ. ಯೋಚಿಸಿ ನೋಡಿ, ಬೆಟ್ಟ ತೀರಾ ಚೆನ್ನಾಗಿ ಕಾಣುತ್ತದೆ ಎಂದು ಪರದೆ ಇಳಿಬಿಡಬೇಕಾದ ಊರು ನಮ್ಮದಾಗಿತ್ತು.

ಮೈಸೂರಿನ ಬಡಾವಣೆಗಳ ಕಥೆ ಶುರುವಾಗುವುದು ಸಾವಿನಿಂದ. ಹತ್ತೊಂಬತ್ತನೇ ಶತಮಾನ ಮುಗಿಯುತ್ತಿದ್ದಾಗ ಬಂದ ಪ್ಲೇಗು ಕೋಟೆಯ ಸುತ್ತಲಿನ ಒತ್ತೊತ್ತು ಕೇರಿಗಳನ್ನು ಬರಿದು ಮಾಡಿತು. ಜನ ಊರು ಬಿಟ್ಟು ಬಯಲಿನ ಜೋಪಡಿಗಳಲ್ಲಿ ವಾಸಮಾಡಿದರು. ಆಮೇಲೆ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯಿತು. ಅಗಲ ರಸ್ತೆ, ಮನೆಮನೆಗೂ ನಡುವೆ ಗಾಳಿಯಾಡಲು ಜಾಗ, ಹಿತ್ತಿಲು, ಮರ, ಚರಂಡಿ ಎಲ್ಲವನ್ನೂ ಯೋಚಿಸಿ ಚಾಮರಾಜಪುರ, ಲಕ್ಷ್ಮೀಪುರ, ಒಂಟಿಕೊಪ್ಪಲುಗಳನ್ನು ಬೆಳೆಸಿದರು. ನಮ್ಮ ಹಿರಿಯರಿಗೆ ಹಿತ್ತಿಲೆಂದರೆ ಬಡಿವಾರವಲ್ಲ. ಮಕ್ಕಳು ಬದುಕಿ ಉಳಿಯಲಿ ಎಂದು ಬಿಟ್ಟ ಜಾಗ. ಈಗ ಸೈಟಿನ ಅಂಚಿನವರೆಗೂ ಗೋಡೆ ಎಬ್ಬಿಸುವಾಗ ನನಗೆ ಇದು ನೆನಪಾಗುತ್ತದೆ.

ನಾರಾಯಣ್ ಹುಟ್ಟಿದ್ದು 1906ರಲ್ಲಿ, ಮದ್ರಾಸಿನಲ್ಲಿ. ತಂದೆ ಕೃಷ್ಣಸ್ವಾಮಿ ಅಯ್ಯರ್ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿನ ಹೆಡ್ಮಾಸ್ಟರರಾಗಿ ಬಂದದ್ದರಿಂದ ಮೈಸೂರು ಅವರ ಊರಾಯಿತು. ಲಕ್ಷ್ಮೀಪುರದಲ್ಲಿ ಬಾಡಿಗೆ ಮನೆ, ಮನೆ ತುಂಬ ಅಣ್ಣತಮ್ಮಂದಿರು. ವ್ಯಂಗ್ಯಚಿತ್ರಕಾರ ಲಕ್ಷ್ಮಣ್ ಅವರೆಲ್ಲರಿಗಿಂತ ಚಿಕ್ಕವರು. 1939ರಲ್ಲಿ ಹೆಂಡತಿ ರಾಜಂ ವಿಷಮಶೀತ ಜ್ವರದಿಂದ ತೀರಿಕೊಂಡರು. ಕೈಯಲ್ಲಿ ಪುಟ್ಟ ಮಗಳು ಹೇಮಾ. ನಾರಾಯಣ್ ಮತ್ತೆ ಮದುವೆಯಾಗಲಿಲ್ಲ. ತಾಯಿಯಿಲ್ಲದ ಆ ಮಗು ಬೆಳೆದದ್ದು ಕೂಡುಕುಟುಂಬದ ಮಡಿಲಿನಲ್ಲಿ. ಮನೆ ತುಂಬ ಜನ ಇರುವುದು ಎಂಥ ಆಸರೆ ಎಂದು ಗೊತ್ತಿದ್ದವರೇ ಬರೆಯಲು ಒಂದಿಷ್ಟು ಏಕಾಂತ ಬೇಕೆಂದು ಯಾದವಗಿರಿಯ ದಿಬ್ಬದ ಮೇಲೆ ಜಾಗ ಕೊಂಡರು. ಆಗ ಅದು ಊರಾಚೆ. ಕಟ್ಟುವ ಕೆಲಸ ಎಳೆದೆಳೆದು ವರ್ಷಗಟ್ಟಲೆ ಸಾಗಿ, ಮನೆ ಎದ್ದು ನಿಂತಾಗ 1952ರ ಆಸುಪಾಸು. ಮೊದಮೊದಲು ಮನೆಯವರೆಲ್ಲ ಲಕ್ಷ್ಮೀಪುರದಲ್ಲೇ ಇದ್ದರು. ಇವರೊಬ್ಬರು ಬೆಳಿಗ್ಗೆ ಇಲ್ಲಿಗೆ ಬಂದು, ಬರೆದು, ಊಟದ ಹೊತ್ತಿಗೆ ಹಿಂತಿರುಗುತ್ತಿದ್ದರು. ಸಂಸಾರ ಇಲ್ಲಿಗೆ ಬಂದದ್ದು ಆಮೇಲೆ.

ನಾವಿದ್ದದ್ದು ಯಾದವಗಿರಿ ಮುಗಿದು ಒಂಟಿಕೊಪ್ಪಲು ಶುರುವಾಗುವ ಕಡೆ, ಒಂದು ಬಾಡಿಗೆ ಮನೆಯಲ್ಲಿ. ಮಾಲೀಕರು ಮುಂದಿನ ಮನೆಯಲ್ಲಿ, ನಾವು ಹಿಂದಿನ ಔಟ್‌ಹೌಸಿನಲ್ಲಿ. ಕೆಂಪು ಗಾರೆಯ ನೆಲ, ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆಯ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಮುಖ ಕಾಣುವ ಹಾಗೆ ಇಡುತ್ತಿದ್ದರು. ಬೇಸಿಗೆಯ ಮಧ್ಯಾಹ್ನ ಆ ನೆಲದ ಮೇಲೆ ಬರಿ ಬೆನ್ನಿನಲ್ಲಿ ಮಲಗಿದ ತಂಪು ಈಗಿನ ಯಾವ ಏಸಿಯಲ್ಲೂ ನನಗೆ ಸಿಕ್ಕಿಲ್ಲ. ಬಚ್ಚಲು ಮನೆಯಲ್ಲಿ ತಾಮ್ರದ ಹಂಡೆ, ಅದರಡಿಯಲ್ಲಿ ತೆಂಗಿನ ಗರಿ, ಸೋಗೆ, ಒಣಗಿದ ಹೊಂಬಾಳೆ. ಹಿತ್ತಿಲಲ್ಲಿ ಒಂದು ಸೀಬೆ, ಒಂದು ನುಗ್ಗೆ, ಕರಿಬೇವು, ಬಾವಿಕಟ್ಟೆಯ ಪಕ್ಕದಲ್ಲಿ ಬಾಳೆಯ ಗೊಂಚಲು. ಕರಿಬೇವನ್ನು ಯಾರೂ ದುಡ್ಡು ಕೊಟ್ಟು ತರುತ್ತಿರಲಿಲ್ಲ. “ಒಂದೆಸಳು ಕಿತ್ಕೋತೀನಿ ಮಾಮಿ” ಎಂದು ಗೋಡೆಯಾಚೆಯಿಂದ ಕೂಗಿದರೆ ಸಾಕು. ಕಾಂಪೌಂಡು ಗೋಡೆ ಎದೆಯೆತ್ತರಕ್ಕಿಂತ ಮೇಲಿರಲಿಲ್ಲ. ಆಚೆ ಈಚೆ ನಿಂತು ಹೆಂಗಸರು ಮಾತಾಡುವುದಕ್ಕೆ, ಹುಳಿಯ ಬಟ್ಟಲು ದಾಟಿಸುವುದಕ್ಕೆ, ಮಕ್ಕಳು ಹಾರುವುದಕ್ಕೆ ಅಳತೆ ನೋಡಿಯೇ ಕಟ್ಟಿದಂತಿತ್ತು.

ಬೆಳಗಾಗುತ್ತಿದ್ದದ್ದು ಆಕಾಶವಾಣಿಯಿಂದ. 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ‘ವಿಠಲ ವಿಹಾರ’ದಲ್ಲೇ ಶುರುಮಾಡಿದ ಆ ಬಾನುಲಿ ಆಮೇಲೆ ಯಾದವಗಿರಿಗೆ ಬಂದು ನೆಲೆಯಾಯಿತು. ನಮ್ಮ ಪಾಲಿಗೆ ರೇಡಿಯೋದಲ್ಲಿ ಮಾತಾಡುವವರು ದೂರದವರಲ್ಲ, ಸೈಕಲ್ಲಿನಲ್ಲಿ ನಮ್ಮ ರಸ್ತೆಯಲ್ಲೇ ಹೋಗುವವರು. ಹತ್ತಿರದಲ್ಲೇ ಶ್ರೀರಾಮಕೃಷ್ಣ ಆಶ್ರಮದ ಸಂಜೆಯ ಆರತಿ. ಒಂಟಿಕೊಪ್ಪಲಿನಲ್ಲಿ ಕುವೆಂಪು ಅವರ ‘ಉದಯರವಿ’. ಮನೆಮನೆಯ ಗೋಡೆಗೆ ತೂಗುವ ಒಂಟಿಕೊಪ್ಪಲ್ ಪಂಚಾಂಗವೂ ಅಲ್ಲಿಯದೇ. ಅರ್ಧ ಗಂಟೆಯ ನಡಿಗೆಯೊಳಗೆ ಇಷ್ಟೆಲ್ಲ ಇತ್ತು. ನಾವು ಅದರ ನಡುವೆ ಕುಂಟೆಬಿಲ್ಲೆ ಆಡಿಕೊಂಡಿದ್ದೆವು.

ನಾರಾಯಣ್ ಅವರನ್ನು ನಾವು ಕಂಡದ್ದು ಒಬ್ಬ ತೆಳ್ಳನೆಯ, ದಪ್ಪ ಕನ್ನಡಕದ, ಕೈಯಲ್ಲಿ ಛತ್ರಿ ಹಿಡಿದು ನಡೆಯುವ ಹಿರಿಯರಾಗಿ. ಅವರಿಗೆ ನಡಿಗೆಯೇ ಕೆಲಸ. ಊರೊಳಗೆ ಸುತ್ತುತ್ತಾ, ಅಂಗಡಿಯವರ ಹತ್ತಿರ, ವಕೀಲರ ಹತ್ತಿರ, ಪ್ರೆಸ್ಸಿನವರ ಹತ್ತಿರ ನಿಂತು ಮಾತಾಡುತ್ತಾ ಅವರು ತಮ್ಮ ಕಥೆಗಳ ಊರಾದ ಮಾಲ್ಗುಡಿಯನ್ನು ಕಟ್ಟಿಕೊಂಡರು. ಸಂಪತ್ ಎಂಬ ಆ ಮುದ್ರಕ ಪಾತ್ರ ಹುಟ್ಟಿದ್ದೂ ಮೈಸೂರಿನ ಒಬ್ಬ ಮುದ್ರಕರಿಂದಲೇ. ‘ಗೈಡ್’ ಕಾದಂಬರಿಯನ್ನು ಅವರು ಬರೆದದ್ದು ದೂರದ ಬರ್ಕ್ಲಿಯಲ್ಲಿ ಕೂತು. ಆದರೆ ಅದರ ಬೀಜ ಇಲ್ಲಿಯದು. ಮಳೆಯಿಲ್ಲದೆ ಕೃಷ್ಣರಾಜಸಾಗರದ ತಳ ಕಂಡ ವರ್ಷ ಬ್ರಾಹ್ಮಣರು ಕಾವೇರಿಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಹನ್ನೊಂದು ದಿನ ಜಪ ಮಾಡಿದರು, ಹನ್ನೆರಡನೆಯ ದಿನ ಮಳೆ ಬಂತು. ಅದರಿಂದಲೇ ‘ಗೈಡ್’ನಲ್ಲಿ ಮಳೆಗಾಗಿ ಉಪವಾಸ ಕೂರುವ ಸ್ವಾಮಿಯ ಕಥೆ. 1960ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟು ದೊಡ್ಡವರು ರಸ್ತೆಯಲ್ಲಿ ಹೋಗುತ್ತಿದ್ದರೂ ಯಾರೂ ಅಡ್ಡಗಟ್ಟುತ್ತಿರಲಿಲ್ಲ. ಅಪ್ಪ ಒಂದು ನಮಸ್ಕಾರ ಹಾಕುತ್ತಿದ್ದರು, ಅವರೊಂದು ನಗೆ ನಗುತ್ತಿದ್ದರು, ಅಷ್ಟೇ. ದೊಡ್ಡವರನ್ನು ಅವರ ಪಾಡಿಗೆ ಬಿಡುವ ಮರ್ಯಾದೆಯನ್ನೂ ನಾವು ಆ ಎದೆಯೆತ್ತರದ ಗೋಡೆಗಳ ಜೊತೆಗೇ ಕಳೆದುಕೊಂಡೆವೇನೋ.

ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ದೂರದರ್ಶನದಲ್ಲಿ ಬಂದಾಗ ಇಡೀ ಬೀದಿಗೆ ಇದ್ದದ್ದು ಬೆರಳೆಣಿಕೆಯ ಟೀವಿ. ಮಾಲೀಕರ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂರುತ್ತಿದ್ದೆವು. ಅದನ್ನು ಚಿತ್ರಿಸಿದ್ದು ಆಗುಂಬೆಯಲ್ಲಿ, ನಮಗೆ ಗೊತ್ತಿತ್ತು. ಆದರೂ ಪರದೆಯ ಮೇಲೆ ಜಗಲಿ, ಹೆಂಚಿನ ಮಾಡು, ಖಾಲಿ ರಸ್ತೆ ಕಂಡಾಗಲೆಲ್ಲ ಯಾರಾದರೊಬ್ಬರು, “ಇದು ನಮ್ಮ ರಸ್ತೆ ಥರಾನೇ ಇದೆ ಅಲ್ವಾ” ಎನ್ನುತ್ತಿದ್ದರು. ಅದೇ ಹೊತ್ತಿನಲ್ಲಿ ನಾರಾಯಣ್ ರಾಜ್ಯಸಭೆಯಲ್ಲಿದ್ದರು. 1989ರಲ್ಲಿ ಅಲ್ಲಿ ಅವರು ಎದ್ದು ನಿಂತು ಮಾತಾಡಿದ್ದು ಶಾಲಾ ಮಕ್ಕಳ ಬೆನ್ನಿನ ಚೀಲದ ಭಾರದ ಬಗ್ಗೆ. ನಡೆದುಕೊಂಡು ಶಾಲೆಗೆ ಹೋಗುವ ಮಕ್ಕಳನ್ನು ತಮ್ಮ ಗೇಟಿನ ಮುಂದೆ ದಿನವೂ ನೋಡಿದವರಿಗೆ ಮಾತ್ರ ಆ ಮಾತು ಬರಲು ಸಾಧ್ಯ. ಈಗ ಆ ರಸ್ತೆಯಲ್ಲಿ ಮಕ್ಕಳು ನಡೆಯುವುದಿಲ್ಲ. ಹಳದಿ ವ್ಯಾನುಗಳು ಅವರನ್ನು ಗೇಟಿನಿಂದ ಗೇಟಿಗೆ ಸಾಗಿಸುತ್ತವೆ. ಚೀಲ ಮಾತ್ರ ಇನ್ನೂ ಅಷ್ಟೇ ಭಾರ.

ತೊಂಬತ್ತರ ದಶಕದ ಮೊದಲಲ್ಲಿ ಅವರು ಮದ್ರಾಸಿಗೆ ಹೋದರು. ಮಗಳ ಹತ್ತಿರ ಇರಬೇಕಿತ್ತು. 1994ರಲ್ಲಿ ಹೇಮಾ ತೀರಿಕೊಂಡರು. 2001ರ ಮೇ 13ರಂದು ನಾರಾಯಣ್ ಹೋದರು. ಅವರು ಹೊರಟ ಮೇಲೆ ಆ ಮನೆ ಮತ್ತೆ ಮೊದಲಿನ ಮನೆಯಾಗಲಿಲ್ಲ. ಗೇಟಿನ ಬಳಿಯ ಮರ ಹೂ ಸುರಿಸಿದರೆ ಗುಡಿಸುವವರಿಲ್ಲ, ಗೋಡೆಯ ಸುಣ್ಣ ಮಳೆಗೆ ಕರಗಿ ಹಸಿರು ಹಿಡಿಯಿತು.

ಆ ಹೊತ್ತಿಗೆ ನಮ್ಮ ಬೀದಿಯ ತುಂಬ ಇಂಥ ಮನೆಗಳೇ. ಒಂದು ಮನೆಯ ಮಗ ಬೆಂಗಳೂರಿನಲ್ಲಿ, ಇನ್ನೊಂದು ಮನೆಯ ಮೂವರೂ ಅಮೆರಿಕದಲ್ಲಿ. ಅಪ್ಪ ಅಮ್ಮ ಇಬ್ಬರೇ ಎಂಟು ಕೋಣೆಯ ಮನೆಯಲ್ಲಿ, ಮಂಡಿ ನೋವು, ಮಹಡಿ ಹತ್ತಲಾರರು, ತೆಂಗಿನಕಾಯಿ ಕೀಳಿಸಲು ಆಳಿಲ್ಲ. ಮಕ್ಕಳನ್ನು ಹೇಗೆ ದೂರಲಿ? ಓದಿ, ಹೋಗಿ, ಚೆನ್ನಾಗಿರಿ ಎಂದು ಕಳಿಸಿದವರೂ ನಾವೇ. ಮನೆ ಬಿಟ್ಟು ಫ್ಲಾಟಿಗೆ ಹೋದ ಮೇಲೆ ಕರಿಬೇವಿನ ಅದೇ ಮಾಮಿ ಲಿಫ್ಟಿನಲ್ಲಿ ಇಳಿದು ಬಂದು, “ರಾತ್ರಿ ಹೊತ್ತು ಹೆದರಿಕೆಯಿಲ್ಲ ಕಣೇ, ಇಪ್ಪತ್ತನಾಲ್ಕು ಗಂಟೆ ನೀರು” ಎಂದಾಗ ನನಗೆ ಸಮಾಧಾನವೇ ಆಯಿತು. ಆದರೂ ಆಕೆಯ ಕೈ ಮಾತಾಡುತ್ತಾ ಮಾತಾಡುತ್ತಾ ಪಕ್ಕದ ಕುಂಡದಲ್ಲಿದ್ದ ಯಾವುದೋ ಗಿಡದ ಒಣಗಿದ ಎಲೆ ಕೀಳುತ್ತಿತ್ತು.

2011ರಲ್ಲಿ ನಾರಾಯಣ್ ಮನೆಯ ಕಿಟಕಿ ಬಾಗಿಲುಗಳು ಕಳಚಿ ಬಿದ್ದವು. ಜಾಗ ಕೈ ಬದಲಾಗಿ ಅಲ್ಲಿ ಅಪಾರ್ಟ್‌ಮೆಂಟು ಏಳುವುದಿತ್ತು. ಒಡೆಯುವ ಕೆಲಸ ಶುರುವಾದ ಮೇಲೆ ಪತ್ರಿಕೆಗಳಲ್ಲಿ ಸುದ್ದಿ ಬಂತು, ಊರಿನವರು ದನಿಯೆತ್ತಿದರು, ನಗರಪಾಲಿಕೆ ಕೆಲಸ ನಿಲ್ಲಿಸಿತು. ಅದು ಪಾರಂಪರಿಕ ಕಟ್ಟಡವೆಂದು ಆಗ ಎಲ್ಲರಿಗೂ ಹೊಳೆಯಿತು. ಪಾಲಿಕೆ ಸುಮಾರು 2.4 ಕೋಟಿ ರೂಪಾಯಿ ಕೊಟ್ಟು ಅದನ್ನು ಕೊಂಡುಕೊಂಡಿತು. ಆಗೊಂದು ಅಪಸ್ವರವೂ ಎದ್ದಿತು. ಇಂಗ್ಲಿಷಿನಲ್ಲಿ ಬರೆದವರಿಗೆ, ಕೊನೆಗೆ ಮದ್ರಾಸಿಗೆ ಹೋದವರಿಗೆ ಕನ್ನಡಿಗರ ತೆರಿಗೆ ಹಣದಲ್ಲಿ ಸ್ಮಾರಕವೇಕೆ ಎಂದು ಕನ್ನಡದ ಕೆಲವು ಹಿರಿಯ ಲೇಖಕರೇ ಕೇಳಿದರು. ಅದನ್ನು ಓದಿ ನನಗೆ ತುಂಬ ನೋವಾಯಿತು. ಕನ್ನಡದ ಎಷ್ಟೋ ಲೇಖಕರ ಮನೆಗಳಿಗೆ ದಿಕ್ಕಿಲ್ಲ ಎಂಬ ಅವರ ಸಂಕಟ ನಿಜವಾದದ್ದೇ, ಅದಕ್ಕೆ ನನ್ನದೂ ದನಿಯಿದೆ. ಆದರೆ ಹಳೆಯ ಮೈಸೂರು ಸಂಸ್ಥಾನವನ್ನು ಸುತ್ತಿ 1939ರಲ್ಲಿ ‘ಮೈಸೂರ್’ ಎಂಬ ಪುಸ್ತಕ ಬರೆದವರು, ಮತ್ತೆ ಎಪ್ಪತ್ತರ ದಶಕದಲ್ಲಿ ತಮ್ಮನ ಚಿತ್ರಗಳೊಂದಿಗೆ ಕರ್ನಾಟಕದ ಬಗ್ಗೆ ‘ದಿ ಎಮರಾಲ್ಡ್ ರೂಟ್’ ಕೊಟ್ಟವರು, ಈ ಊರಿನ ಮಾತುಕತೆಯನ್ನು ಲೋಕಕ್ಕೆಲ್ಲ ಹಂಚಿದವರು ನಮಗೆ ಹೊರಗಿನವರಾಗುವುದಾದರೂ ಹೇಗೆ?

2016ರಲ್ಲಿ ಮನೆ ಮ್ಯೂಸಿಯಂ ಆಗಿ ತೆರೆಯಿತು. ಪ್ರವೇಶಕ್ಕೆ ದುಡ್ಡಿಲ್ಲ. ಒಡೆದದ್ದನ್ನು ಜೋಡಿಸಿ, ಹಿಂದಿದ್ದ ಹಾಗೇ ಬಿಳಿ ಬಳಿದು, ಅವರ ಕೋಟು, ಕನ್ನಡಕ, ಪ್ರಶಸ್ತಿ, ಪುಸ್ತಕ, ಫೋಟೋಗಳನ್ನು ಇಟ್ಟಿದ್ದಾರೆ. ಮಾಡಿದವರಿಗೆ ನಾನು ಋಣಿ. ಎತ್ತರದ ಕಟ್ಟಡಗಳ ನಡುವೆ ಆ ಮನೆ ಕಿಕ್ಕಿರಿದ ಬಸ್ಸಿನಲ್ಲಿ ಸೀಟು ಸಿಕ್ಕಿದ ಮುದುಕರ ಹಾಗೆ ಕೂತಿದೆ, ಸದ್ಯ ಯಾರೂ ಎಬ್ಬಿಸುವುದಿಲ್ಲ. ಹೋದಾಗಲೆಲ್ಲ ನಾನು ಮೊದಲು ಮಹಡಿಗೇ ಹೋಗುತ್ತೇನೆ. ಎಂಟು ಕಿಟಕಿಗಳೂ ಇವೆ. ದನ ಕುರಿ ಮೇಯುತ್ತಿದ್ದ ಬಯಲಿಲ್ಲ, ಆ ಇಳಿಜಾರೂ ಇಲ್ಲ. ಕಿಟಕಿಯನ್ನು ಪಾರಂಪರಿಕ ಎಂದು ಪಟ್ಟಿಗೆ ಸೇರಿಸಬಹುದು. ಕಿಟಕಿಯಾಚೆ ಇದ್ದದ್ದನ್ನು ಯಾವ ಪಟ್ಟಿಗೂ ಯಾರೂ ಸೇರಿಸಲಿಲ್ಲ. ಈಗ ಅಲ್ಲಿ ಕೂತು ಬರೆಯುವವರಿಗೆ ಪರದೆ ಬೇಕಾಗುವುದಿಲ್ಲ.

ಇನ್ನೂ ಒಂದು ಕೊರತೆ ನನ್ನನ್ನು ಕಾಡುತ್ತದೆ. ಆ ಮನೆಯಲ್ಲಿ ಈಗ ಕಾಫಿಯ ವಾಸನೆ ಇಲ್ಲ. ಕಾಫಿಯನ್ನು ಅಷ್ಟು ಪ್ರೀತಿಸಿದವರ ಮನೆ ಅದು. ಒಳಗೆ ಒಗ್ಗರಣೆಯ ಸದ್ದಿಲ್ಲ, ಜಗಳವಿಲ್ಲ, ಜ್ವರ ಬಂದು ಮಲಗಿದ ಮಗುವಿಲ್ಲ, ವೀಣೆಯ ಶ್ರುತಿ ಮಾಡುವವರಿಲ್ಲ. ಬಂದವರು ಮೆಲ್ಲಗೆ ನಡೆದು, ಫೋಟೋ ತೆಗೆದುಕೊಂಡು ಹೋಗುತ್ತಾರೆ. ನಮ್ಮ ಬಡಾವಣೆಯ ಮನೆಗಳನ್ನು ಕಟ್ಟಿದ್ದು ನೋಡುವುದಕ್ಕಲ್ಲ, ಇರುವುದಕ್ಕೆ.

ಮೈಸೂರಿನಲ್ಲಿ ಪಾರಂಪರಿಕವೆಂದು ಗುರುತಿಸಿದ ಕಟ್ಟಡಗಳು 130ರ ಆಸುಪಾಸು. ಬಹುಪಾಲು ಅರಮನೆಗಳು, ಕಚೇರಿಗಳು, ಕಾಲೇಜು, ಆಸ್ಪತ್ರೆ. ಅವುಗಳ ಪಾಡೂ ಹೇಳುವಂತಿಲ್ಲ. ಹಳೆಯ ಪುಸ್ತಕಗಳಿಗಾಗಿ ನಾವು ಗಂಟೆಗಟ್ಟಲೆ ನಿಲ್ಲುತ್ತಿದ್ದ ಲ್ಯಾನ್ಸ್‌ಡೌನ್ ಕಟ್ಟಡ 2012ರಲ್ಲಿ ಕುಸಿದು ಜೀವಗಳೇ ಹೋದವು. ಹೂವು, ಬಾಳೆ, ವೀಳ್ಯದೆಲೆಯ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಉರುಳಿತು. ದೊಡ್ಡವರ ಕಟ್ಟಡಗಳೇ ಹೀಗಾದರೆ ಗುಮಾಸ್ತರು, ಮೇಷ್ಟ್ರುಗಳು ಸಾಲ ಮಾಡಿ ಕಟ್ಟಿದ ಮನೆಗಳನ್ನು ಕೇಳುವವರು ಯಾರು? ಒಂದು ಮನೆ ಉಳಿಯಬೇಕಾದರೆ ಅದರಲ್ಲಿ ಒಬ್ಬ ಕಾದಂಬರಿಕಾರ ಬಾಳಿರಬೇಕು ಎಂಬ ಸ್ಥಿತಿ ಬಂದಿದೆ. ನಾವು ಬಾಡಿಗೆಗಿದ್ದ ಮನೆ ಎರಡೇ ದಿನಕ್ಕೆ ನೆಲಸಮವಾಯಿತು. ಸೀಬೆ ಮರ ಅರ್ಧ ದಿನಕ್ಕೆ. ಆ ಕೆಂಪು ನೆಲವನ್ನು ಜೆಸಿಬಿ ಎಬ್ಬಿಸಿದಾಗ ಗಾರೆ ಚಪ್ಪಡಿ ಚಪ್ಪಡಿಯಾಗಿ ಎದ್ದಿತಂತೆ, ಅಷ್ಟು ಗಟ್ಟಿ.

ನಮ್ಮ ಆ ಬೀದಿಯಲ್ಲಿ ಹಳೆಯ ಮನೆ ಇನ್ನೂ ಒಂದು ಉಳಿದಿದೆ. ನನಗೆ ಪ್ರೈಮರಿಯಲ್ಲಿ ಪಾಠ ಹೇಳಿದ ಟೀಚರಮ್ಮ ಒಬ್ಬರೇ ಅಲ್ಲಿದ್ದಾರೆ. ಬ್ರೋಕರುಗಳು ಬರುತ್ತಾರೆ, ವರ್ಷ ವರ್ಷ ಬೆಲೆ ಏರಿಸುತ್ತಾರೆ, ಆಕೆ ಕಾಫಿ ಕೊಟ್ಟು ಕಳಿಸುತ್ತಾರೆ. ಕಂದಾಯದಲ್ಲಿ ಒಂದಿಷ್ಟು ರಿಯಾಯಿತಿ, ರಿಪೇರಿಗೆ ಒಂದಿಷ್ಟು ನೆರವು ಸಿಕ್ಕಿದ್ದರೆ ಇಂಥ ಎಷ್ಟು ಮನೆಗಳು ಉಳಿಯುತ್ತಿದ್ದವೋ ಎಂದು ನಾನು ಮೊನ್ನೆ ಅವರ ಜಗಲಿಯಲ್ಲಿ ಕೂತು ಹೇಳುತ್ತಿದ್ದೆ. ನಾರಾಯಣ್ ಮನೆಯ ಹಾಗೆ ನಿಮ್ಮದನ್ನೂ ಪಟ್ಟಿಗೆ ಸೇರಿಸಿ ಎಂದು ಅರ್ಜಿ ಕೊಡೋಣವೇ ಎಂದೂ ಕೇಳಿದೆ.

“ಪಟ್ಟಿ ಗಿಟ್ಟಿ ಎಲ್ಲ ಆಮೇಲಾಗ್ಲಿ ಕಣೇ,” ಅಂದರು. “ಹೆಂಚು ಕೈಯಾಡಿಸೋರು ಯಾರಾದ್ರೂ ಗೊತ್ತಿದ್ರೆ ಮೊದಲು ಹೇಳು. ಬರ್ತಿದ್ದವನಿಗೆ ವಯಸ್ಸಾಯ್ತು, ಏಣಿ ಹತ್ತೋಕಾಗಲ್ಲ. ಅವನ ಮಗ ಟ್ಯಾಕ್ಸಿ ಓಡಿಸ್ತಾನೆ. ದೇವರ ಕೋಣೇಲಿ ಸೋರುತ್ತೆ.”

ನಂಜನಗೂಡಿನ ಕಡೆ, ಬನ್ನೂರಿನ ಕಡೆ ಗೊತ್ತಿದ್ದವರನ್ನೆಲ್ಲ ಕೇಳಿದೆ. ಒಬ್ಬ ಮೇಸ್ತ್ರಿ ಬಂದು ಮಾಡು ನೋಡಿ, ಇದನ್ನೆಲ್ಲ ಕಿತ್ತುಹಾಕಿ ಶೀಟು ಹೊದಿಸಿಬಿಡಿ ಅಮ್ಮಾ, ಒಂದೇ ದಿನದ ಕೆಲಸ ಎಂದರು. ಟೀಚರಮ್ಮ ಒಪ್ಪಲಿಲ್ಲ. ಮುಂಗಾರಿಗೆ ಇನ್ನು ಹೆಚ್ಚು ದಿನವಿಲ್ಲ, ನಾನು ಇನ್ನೂ ವಿಚಾರಿಸುತ್ತಿದ್ದೇನೆ.